ಆಣಿ ಪೀಣಿಯ ಅಮಾವಾಸ್ಯೆ

2024ನೆಯ ಇಸವಿಯ ಅಕ್ಟೋಬರ್ 31ನೆಯ ತಾರೀಖು ನಮ್ಮ ಮನೆಯಲ್ಲಿ ಒಂದು ಸಣ್ಣ ಕಲಹಕ್ಕೆ ಕಾರಣವಾಯಿತು. ತಪ್ಪು ಮನೆಯವರಾರದೂ ಅಲ್ಲ, ಪಂಚಾಂಗದ್ದು. ಆ ವರ್ಷ ನಮ್ಮ ನರಕ ಚತುರ್ದಶಿಯೂ ಪಾಶ್ಚಾತ್ಯರ ಹ್ಯಾಲೊವೀನ್ ಎಂಬ ಭೂತಗಳ ಹಬ್ಬವೂ ಒಂದೇ ದಿನಕ್ಕೆ ಬಂದು ಕುಳಿತಿದ್ದವು. ಬೆಳಗಿನ ಜಾವ ಎಣ್ಣೆನೀರು, ಮಧ್ಯಾಹ್ನ ಹೋಳಿಗೆ, ಸಂಜೆಗೆ ಅಮಾವಾಸ್ಯೆಯ ದೀಪ. ನಿಡಗುಂದಿಯ ನಮ್ಮ ಮನೆಯ ಕಾರ್ಯಕ್ರಮ ಇಷ್ಟೇ. ಆದರೆ ಸಿಂಗಪುರದಿಂದ ಹಬ್ಬಕ್ಕೆಂದು ತವರಿಗೆ ಬಂದಿದ್ದ ನನ್ನ ತಂಗಿಯ ಮಕ್ಕಳ ಪೆಟ್ಟಿಗೆಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತೆಂಬುದು ನಮಗೆ ತಿಳಿದಿರಲಿಲ್ಲ.

ಏಳು ವರ್ಷದ ಅಳಿಯ ಎಣ್ಣೆನೀರಾದ ಮೇಲೆ ಒಳಕೋಣೆಗೆ ಹೋದವನು ಹೊರಗೆ ಬಂದಾಗ ಅವನ ಮೈಮೇಲೆ ಕರಿಯ ಅಂಗಿಯಿತ್ತು. ಅಂಗಿಯ ಮೇಲೆ ಪಕ್ಕೆಲುಬು, ಬೆನ್ನೆಲುಬು, ಮೊಣಕಾಲ ಚಿಪ್ಪು, ಎಲ್ಲವನ್ನೂ ಬಿಳಿಯ ಬಣ್ಣದಲ್ಲಿ ಬರೆದಿದ್ದರು. ಕತ್ತಲೆಯಲ್ಲಿ ಇದು ಹೊಳೆಯುತ್ತದೆಂದು ಅವನೇ ವಿವರಿಸಿದನು. ಆರತಿ ತಟ್ಟೆ ಹಿಡಿದಿದ್ದ ಅವ್ವ ತಟ್ಟೆಯನ್ನು ಕೆಳಗಿಟ್ಟಳು.

"ಹಬ್ಬದ ದಿನ, ಎಣ್ಣಿನೀರು ಹಾಕ್ಕೊಂಡ ಮೈಮ್ಯಾಲ ಸುಡಗಾಡದ ಎಲುವೇನು? ತಗದಿಡು ಅದನ್ನ."

"ಆಯೀ, ಇದು ಬರೇ ಡ್ರೆಸ್," ಎಂದ ಹುಡುಗ.

"ಅಣ್ಣಾ, ನೀನರೆ ಏನರೆ ಹೇಳು," ಎಂದು ತಂಗಿ ನನ್ನತ್ತ ನೋಡಿದಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ಎಲ್ಲ ವ್ಯಾಜ್ಯಗಳಿಗೂ ಪರಿಹಾರ ಹೇಳಬಲ್ಲನೆಂಬ ಭ್ರಮೆ ನಮ್ಮ ಮನೆಯಲ್ಲಿ ಇನ್ನೂ ಉಳಿದುಕೊಂಡಿದೆ. ನಾನು ಅಂಗಿಯನ್ನು ಸಂಜೆಯವರೆಗೆ ಮಡಿಸಿಡಲು ಹೇಳಿ, ಸಂಜೆ ಅದಕ್ಕೊಂದು ದಾರಿ ತೋರಿಸುತ್ತೇನೆಂದು ಮಾತು ಕೊಟ್ಟೆ. ದಾರಿ ಯಾವುದೆಂಬುದು ಆಗ ನನಗೂ ಹೊಳೆದಿರಲಿಲ್ಲ.

ಹೋಳಿಗೆಯ ಕಣಕ ನಾದುತ್ತ ತಂಗಿ ಆ ಊರಿನ ಹ್ಯಾಲೊವೀನಿನ ವರ್ಣನೆ ಮಾಡಿದಳು. ವಾಚಕರಿಗೆ ಗೊತ್ತಿರುವಂತೆ ಸಿಂಗಪುರವು ಭೂಮಧ್ಯರೇಖೆಗೆ ಕೇವಲ ಒಂದು ಅಂಶದಷ್ಟು ಉತ್ತರಕ್ಕಿರುವ ದ್ವೀಪ. ಅಲ್ಲಿ ಎಲೆ ಉದುರುವ ಕಾಲವೂ ಇಲ್ಲ, ಚಳಿಗಾಲವೂ ಇಲ್ಲ. ಅಕ್ಟೋಬರ್ ಕೊನೆಯೆಂದರೆ ಬೆವರು, ಮತ್ತು ಸಂಜೆಯ ಗುಡುಗುಮಳೆ. ಮುಖಕ್ಕೆ ಬಳಿದುಕೊಂಡ ಭೂತದ ಬಣ್ಣ ಎರಡನೆಯ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಕೊರಳಿಗಿಳಿಯುತ್ತದಂತೆ. ಕೆತ್ತುವ ಕುಂಬಳಕಾಯಿ ಕೂಡ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಆದರೂ ಮಕ್ಕಳು ಬಿಡುವುದಿಲ್ಲ. ಸೆಂಟೋಸಾ ಎಂಬ ಕಿರುದ್ವೀಪದ ಯೂನಿವರ್ಸಲ್ ವಿಹಾರಧಾಮದಲ್ಲಿ 2011ರಿಂದ ನಡೆಯುವ ಭಯದ ರಾತ್ರಿಗಳು ದೊಡ್ಡವರಿಗೆ ಮಾತ್ರ ತಕ್ಕವು. ಸಂಸಾರವಂದಿಗರು ಅತ್ತ ಹೋಗುವುದಿಲ್ಲ. ಅವರು ತಮ್ಮ ವಸತಿ ಸಂಕೀರ್ಣದಲ್ಲೇ ಮನೆ ಮನೆ ಸುತ್ತುತ್ತಾರೆ, ಇಲ್ಲವೆ ವುಡ್‌ಲ್ಯಾಂಡ್ಸ್ ಕಡೆಯ ವುಡ್‌ಗ್ರೋವ್ ಎಂಬ ಬಡಾವಣೆಗೆ ಮಕ್ಕಳನ್ನು ಕರೆದೊಯ್ಯುತ್ತಾರೆ. ಅಲ್ಲಿ ಅಮೆರಿಕನ್ ಶಾಲೆಯಿರುವುದರಿಂದ ಆ ದೇಶದ ಸಂಸಾರಗಳು ನೆಲೆಸಿವೆ. ಅವರು ಬಾಗಿಲಲ್ಲಿ ಮಿಠಾಯಿಯ ಬುಟ್ಟಿ ಇಟ್ಟುಕೊಂಡು ಕೂಡುತ್ತಾರೆ, ಊರೆಲ್ಲದರ ಮಕ್ಕಳು ಸಾಲುಗಟ್ಟುತ್ತಾರೆ.

"ಅಲ್ಲಿ ಯಾರ ಮನಿ ಬಾಗಲಾ ಬಡದ್ರೂ ಆ ದಿನ ಬೈಯೂದಿಲ್ಲ ಅಣ್ಣಾ. ಉಳದ ದಿನ ಎದುರು ಮನ್ಯಾಗ ಯಾರದಾರ ಅಂತನೂ ಗೊತ್ತಿರೂದಿಲ್ಲ," ಎಂದಳು.

ಆಕೆ ಹೇಳಿದ ಇನ್ನೊಂದು ಸಂಗತಿ ನನಗೆ ಹ್ಯಾಲೊವೀನಿಗಿಂತ ಹಿಡಿಸಿತು. ಆ ದ್ವೀಪದ ಚೀನೀಯರಿಗೆ ತಮ್ಮದೇ ಆದ ಭೂತಗಳ ತಿಂಗಳೊಂದುಂಟು. ಅವರ ಪಂಚಾಂಗದ ಏಳನೆಯ ತಿಂಗಳು. ಆಗ ತೀರಿಹೋದವರು ಹಸಿದು ಬರುತ್ತಾರೆಂದು ನಂಬಿಕೆ. ಬೀದಿಬದಿಯಲ್ಲಿ ಕಾಗದದ ಹಣ ಸುಡುತ್ತಾರೆ. ಬಯಲಿನಲ್ಲಿ ಚಪ್ಪರ ಹಾಕಿ ಗೆಟಾಯ್ ಎಂಬ ಹಾಡು ಕುಣಿತದ ಮೇಳ ಏರ್ಪಡಿಸುತ್ತಾರೆ. ಆ ಮೇಳದಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರೂ ಕೂಡುವಂತಿಲ್ಲ. ಅವು ಬರುವವರಿಗೆ ಮೀಸಲು. ಎಷ್ಟೇ ಜನ ನೂಕಾಡಲಿ, ಆ ಸಾಲು ಖಾಲಿಯೇ ಇರುತ್ತದಂತೆ.

ಇನ್ನು ಹ್ಯಾಲೊವೀನಿನ ಕುಲಗೋತ್ರವನ್ನು ಬಲ್ಲವರು ಹೇಳಿರುವುದೇನೆಂದರೆ, ಅದು ಮೂಲತಃ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಸುಗ್ಗಿಯ ಕೊನೆಯ ಹಬ್ಬ. ನವೆಂಬರ್ 1ರ ಸಂತರ ದಿನದ ಹಿಂದಿನ ಸಂಜೆಗೆ ಕ್ರೈಸ್ತರು ಅದನ್ನು ಹೊಂದಿಸಿಕೊಂಡರು. ಅಲ್ಲಿಯವರು ಮೊದಲು ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ಮಕ್ಕಳು ಬಾಗಿಲಿಗೆ ಬಂದು, ತಿಂಡಿ ಕೊಡುವಿರೋ ಇಲ್ಲ ಕಿತಾಪತಿ ಮಾಡಲೋ ಎಂದು ಕೇಳುತ್ತಾರೆ. ಇದನ್ನು ಕೇಳಿ ನಮ್ಮ ನಗರಗಳ ಕೆಲವು ಹಿರಿಯರು, ಸಂಸ್ಕೃತಿ ಮುಳುಗಿತೆಂದು ಪತ್ರಿಕೆಗಳಿಗೆ ಕಾಗದ ಬರೆಯುತ್ತಾರೆ. ಅವರು ವಿಜಯಪುರ ಸೀಮೆಯ ಮಕ್ಕಳ ವರ್ಷಚಕ್ರವನ್ನೊಮ್ಮೆ ನೋಡಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಮಣ್ಣಿನ ಎತ್ತು ಮಾಡಿ ಮನೆ ಮನೆಗೆ ಒಯ್ದು, ನಮ್ಮ ಎತ್ತು ಕುಂಟಾಗಿದೆ, ಜೋಳ ನೀಡಿರವ್ವಾ ಎಂದು ಬೇಡುತ್ತಾರೆ. ಆ ಎತ್ತಿನ ಕಾಲನ್ನು ಮುರಿದವರು ಬೇಡುವವರೇ ಎಂಬುದು ನೀಡುವವರಿಗೆ ಗೊತ್ತು. ಇದಕ್ಕಿಂತ ಚೆಂದದ ಕಿತಾಪತಿ ಐರ್ಲೆಂಡಿನಲ್ಲೂ ಇರಲಾರದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ಭಾದ್ರಪದದಲ್ಲಿ ಬೇವಿನೆಲೆಯ ಬುಟ್ಟಿಯಲ್ಲಿ ಜೋಕುಮಾರ ಬರುತ್ತಾನೆ; ಅವನನ್ನು ಹೊತ್ತು ತರುವವರು ಮಕ್ಕಳಲ್ಲ, ಹೆಂಗಸರು. ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆಯ ಗೊಂಬೆಗಳ ಆರತಿ ಹಿಡಿದು ಹೊರಡುತ್ತಾರೆ. ಇವೆಲ್ಲವುಗಳ ನಡುವೆ ದೀಪಾವಳಿಯ ಕತ್ತಲೆಯಲ್ಲಿ ಬರುವುದು ಆಣಿ ಪೀಣಿ.

ದಕ್ಷಿಣದ ವಾಚಕರಿಗೆ ಈ ಹೆಸರು ಹೊಸದಾಗಿ ಕಾಣಬಹುದು. ಮಲೆನಾಡಿನ ಅಂಟಿಗೆ ಪಂಟಿಗೆಯ ಬಗ್ಗೆ ಬಲ್ಲವರು ಇದನ್ನು ಅದರ ದಾಯಾದಿಯೆಂದು ತಿಳಿಯಲಿ. ದನ ಕಾಯುವ ಹುಡುಗರು ಹಸಿಹುಲ್ಲನ್ನು ಹೆಣೆದು ಹಿಡಿಕೆಯುಳ್ಳ ದೀವಟಿಗೆಯಂಥದೊಂದನ್ನು ಮಾಡುತ್ತಾರೆ; ಕೆಲವೆಡೆ ಅದಕ್ಕೆ ನಾಗರಹೆಡೆಯ ಆಕಾರವನ್ನೂ ಕೊಡುವುದುಂಟು. ಅದರಲ್ಲಿ ಬತ್ತಿಯಿಟ್ಟು, ಹೊತ್ತಿಸಿ, ಪದ ಹಾಡುತ್ತ ಕೇರಿ ಕೇರಿ ತಿರುಗುತ್ತಾರೆ. ಹಟ್ಟಿಯ ದನಗಳಿಗೆ ಅದನ್ನು ಬೆಳಗಿ, ನಿಮ್ಮ ದನ ಕರು ಹೆಚ್ಚಲಿ, ಹಾಲು ಹೈನು ಉಕ್ಕಲಿ ಎಂದು ಹರಸುತ್ತಾರೆ. ಮನೆಯವಳು ಬತ್ತಿಗೆ ಎಣ್ಣೆ ಹೊಯ್ಯುತ್ತಾಳೆ, ಕೈಗೆ ಒಂದಿಷ್ಟು ಕೊಬ್ಬರಿಯನ್ನೋ ಕಾಸನ್ನೋ ಕೊಡುತ್ತಾಳೆ. ಎಣ್ಣೆ ಹೊಯ್ಯುವವರಿರುವವರೆಗೆ ದೀಪ ಮುಂದಿನ ಮನೆಗೆ ನಡೆಯುತ್ತದೆ.

ಇಷ್ಟು ಬರೆದ ನನಗೆ ಅದನ್ನು ಹಿಡಿದು ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಅವ್ವನ ತವರು ಕೃಷ್ಣೆಯ ದಂಡೆಯ ಒಂದು ಸಣ್ಣ ಹಳ್ಳಿ. ದೀಪಾವಳಿಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು; ಸೋದರಮಾವನ ಹಟ್ಟಿಯಲ್ಲಿ ಎರಡು ಜೋಡಿ ಎತ್ತು, ಮೂರು ಎಮ್ಮೆ. ಸಂಜೆಯಾದೊಡನೆ ಹುಡುಗರ ಪದ ದೂರದಿಂದ ಕೇಳಿಬರುತ್ತಿತ್ತು. ನನ್ನ ಓರಗೆಯವರೇ ಅವರು. ಹಗಲೆಲ್ಲ ಅವರೊಡನೆ ಹೊಳೆಯಲ್ಲಿ ಈಜಿದವನು ನಾನು. ಆದರೆ ಕತ್ತಲಾದ ಮೇಲೆ ಅವರೊಡನೆ ಹೋಗುತ್ತೇನೆಂದರೆ ತಂದೆಯವರು, "ಮಾಸ್ತರ ಮಗಾ ಎಣ್ಣಿ ಬೇಡಾಕ ಹೋಗೂದಂದ್ರೇನು?" ಎನ್ನುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಎಣ್ಣೆಯ ಗಿಂಡಿ. ಬಾಗಿಲಲ್ಲಿ ನಿಂತು ಅವರ ಬತ್ತಿಗೆ ಎಣ್ಣೆ ಹೊಯ್ದು, ಅವರು ನಗುತ್ತ ಮುಂದಿನ ಮನೆಗೆ ಓಡುವುದನ್ನು ನೋಡುತ್ತಿದ್ದೆ. ನನಗೆ ಹನ್ನೆರಡಾದ ವರ್ಷ ಬಹಳ ಹಟ ಮಾಡಿದೆ. ಬರುವ ವರ್ಷ ಕಳಿಸೋಣವೆಂದು ಮಾವ ಸಮಾಧಾನ ಹೇಳಿದ. ಬರುವ ವರ್ಷದ ಹೊತ್ತಿಗೆ ಆ ಊರು ತೆರವಾಗುತ್ತಿತ್ತು.

ಹೀಗೆಂದೇ ನಾನು ಆ ದಿನ ಮಧ್ಯಾಹ್ನ ಮಕ್ಕಳನ್ನು ಅಲಮಟ್ಟಿಗೆ ಕರೆದೊಯ್ದಾಗ ಅವ್ವನೂ ಬರುತ್ತೇನೆಂದದ್ದು ನನಗೆ ಸೋಜಿಗವೆನಿಸಿತು. ಆಣೆಕಟ್ಟು ತುಂಬಿದಂದಿನಿಂದ ಆಕೆ ಅತ್ತ ಹೋದದ್ದು ಒಂದೆರಡು ಸಲ ಮಾತ್ರ. ದಾರಿಯಲ್ಲಿ ಯಲಗೂರಿನ ಹನುಮಪ್ಪನಿಗೆ ಕಾಯಿ ಒಡೆಸಿದೆವು. ಏಳು ಊರಿಗೆ ಒಬ್ಬನೇ ದೇವರಾದ್ದರಿಂದ ಯಲಗೂರೆಂದು ಹೆಸರು ಬಂದಿತೆಂದು ಹೇಳಿದರೆ, ಸೊಸೆ ಕೂಡಲೇ ಉಳಿದ ಆರು ಊರು ಯಾವುವೆಂದು ಕೇಳಿ ನನ್ನ ಬಾಯಿ ಕಟ್ಟಿದಳು. ಹತ್ತು ವರ್ಷದ ಹುಡುಗಿ. ಎಲ್ಲವನ್ನೂ ಎಣಿಸುವ ಸ್ವಭಾವ.

ಸಂಸಾರ ಸಮೇತ ಈ ಭಾಗಕ್ಕೆ ಬರುವ ವಾಚಕರಿಗಾಗಿ ಒಂದು ಮಾತು. ಅಲಮಟ್ಟಿಯನ್ನು ನೋಡಲು ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಜಲಾಶಯ ತುಂಬಿ ನಿಂತಿರುತ್ತದೆ. ಊಟದ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬನ್ನಿ; ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳಿಗೆ ಹೊಳೆಯ ಗಾಳಿಯಲ್ಲಿ ಬರುವ ರುಚಿ ಬೇರೆಯೇ. ಕಲ್ಲಿನ ಉದ್ಯಾನ, ಮೊಗಲ್ ಉದ್ಯಾನಗಳನ್ನು ಇಳಿಹೊತ್ತಿಗೆ ನೋಡಿ, ಸಂಗೀತ ಕಾರಂಜಿಗೆ ಕಾಯಬಹುದು. ನಮ್ಮ ಮಕ್ಕಳು ಕಲ್ಲಿನ ಉದ್ಯಾನದ ಪ್ರಾಣಿಗಳ ಬೊಂಬೆಗಳನ್ನು ಸುತ್ತು ಹಾಕಿದರು, ಒಂದೆರಡು ಚಿತ್ರ ತೆಗೆಸಿಕೊಂಡರು. ಸಿಂಗಪುರದ ಉದ್ಯಾನಗಳನ್ನು ಕಂಡ ಕಣ್ಣುಗಳಿಗೆ ಇವು ದೊಡ್ಡವೆನಿಸಲಿಲ್ಲವೆಂಬುದು ಅವರ ಮುಖದಲ್ಲೇ ಬರೆದಿತ್ತು. ಆಣೆಕಟ್ಟಿನ 26 ಬಾಗಿಲುಗಳನ್ನು ಮಾತ್ರ ಸೊಸೆ ಒಂದೊಂದಾಗಿ ಎಣಿಸಿ ಮುಗಿಸಿದಳು.

ನಾನು ಅವರಿಗೆ ಇತಿಹಾಸ ಹೇಳತೊಡಗಿದೆ. 1964ರ ಮೇ 22ರಂದು ಇದಕ್ಕೆ ಅಡಿಗಲ್ಲಿಟ್ಟವರು ಲಾಲ್ ಬಹಾದುರ್ ಶಾಸ್ತ್ರಿಗಳು. ಆಗ ಅವರಿನ್ನೂ ಪ್ರಧಾನಿಯಾಗಿರಲಿಲ್ಲ, ಮರುತಿಂಗಳು ಆದರು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಇದನ್ನು ನಾಡಿಗೆ ಸಮರ್ಪಿಸಿದರು. ನಡುವೆ ನಲವತ್ತೆರಡು ವರ್ಷ ಹೋದವು. ಜಲಾಶಯದಲ್ಲಿ ನೀರು ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ನಿಲ್ಲುತ್ತದೆ. ಅದನ್ನು 524 ಮೀಟರು ದಾಟಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ, ಏರಿಸಿದರೆ ಇನ್ನಷ್ಟು ಹಳ್ಳಿಗಳು ಎದ್ದು ಹೋಗಬೇಕು. ಈ ನೀರಿನಿಂದ ಬರದ ಸೀಮೆಯ ಹೊಲಗಳು ಹಸಿರಾಗಿರುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮೂರಿನ ಸುತ್ತಲೇ ಅದನ್ನು ಕಾಣಬಹುದು.

"ಮಾಮಾ, ಈ ನೀರಿನ ಕೆಳಗೆ ಏನಿದೆ?" ಎಂದು ಹುಡುಗ ಕೇಳಿದ.

"ಹೊಲ," ಎಂದೆ ನಾನು.

"ಮನಿ ಅದಾವ," ಎಂದಳು ಅವ್ವ.

ಮನೆಗಳೆಂದರೆ ಅಲ್ಲಿ ದೆವ್ವಗಳಿರಬೇಕಲ್ಲ, ಎಂದು ಹುಡುಗ ಕಣ್ಣರಳಿಸಿದ. ಅವ್ವ ಅದಕ್ಕೆ ಉತ್ತರ ಕೊಡಲಿಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಕೆಲವು ಕಡೆ ಹಳೆಯ ಅಡಿಪಾಯಗಳು, ಗುಡಿಯ ಗೋಡೆಗಳು ತಲೆಯೆತ್ತುವುದುಂಟು. ನೋಡಬೇಕಾದರೆ ಏಪ್ರಿಲಿನಲ್ಲಿ ಬಾ, ಎಂದು ನಾನೇ ಮಾತು ತೇಲಿಸಿದೆ. ಕಾರಂಜಿಗೆ ನಿಲ್ಲದೆ ಹೊರಟೆವು. ಸಂಜೆಯ ಕೆಲಸ ನನ್ನ ತಲೆಯಲ್ಲಿ ಅಷ್ಟು ಹೊತ್ತಿಗೆ ರೂಪುಗೊಂಡಿತ್ತು.

ರೂಪುಗೊಂಡದ್ದೇನೋ ಸರಿ, ಆಣಿ ಪೀಣಿ ಹೆಣೆಯಲು ಬರುವವರು ಸಿಗಬೇಕಲ್ಲ! ನಮ್ಮ ಓಣಿಯಲ್ಲಿ ವಿಚಾರಿಸಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಕೊನೆಗೆ ಹಿಂದಿನ ಕೇರಿಯಲ್ಲಿ, ಹಲವು ವರ್ಷ ಊರ ದನ ಕಾಯ್ದ ಮುದುಕರೊಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಸಂಗತಿ ತಿಳಿಸಿದಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬೆಳಗೂದು ಯಾರಿಗ್ರೀ ಮಾಸ್ತರ? ಯಾರ ಮನ್ಯಾಗ ಎತ್ತ ಅದಾವು?"

ಆದರೂ ಅವರ ಕೈ ಸುಮ್ಮನಿರಲಿಲ್ಲ. ಮೊಮ್ಮಗನನ್ನು ಬದುವಿನ ಹುಲ್ಲಿಗೆ ಅಟ್ಟಿದರು. ಹುಲ್ಲು ಬಂದ ಮೇಲೆ ಆ ಒರಟು ಬೆರಳುಗಳು ಅದನ್ನು ಮಡಿಸಿ, ತಿರುವಿ, ಎಳೆಯ ಮೇಲೆ ಎಳೆ ಹಾಯಿಸಿದ ವೇಗವನ್ನು ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಕಾಲು ಗಂಟೆಯಲ್ಲಿ ಎರಡು ಸಿದ್ಧವಾದವು. ಪದವನ್ನು ಅವರೇ ಹೇಳಿಕೊಟ್ಟರು. ಮೊಮ್ಮಗನಿಗೂ ಅವನ ಇಬ್ಬರು ಗೆಳೆಯರಿಗೂ ಅದು ಅರ್ಧದಷ್ಟು ಬರುತ್ತಿತ್ತು, ಉಳಿದರ್ಧವನ್ನು ಶಾಲೆಯ ಹಾಡಿನ ಧಾಟಿಯಲ್ಲಿ ತುಂಬಿಕೊಂಡರು. ನಾನು ಜಾನಪದದ ಪುಸ್ತಕಗಳಲ್ಲಿ ಓದಿದ ಪಾಠ ಹೀಗಿಲ್ಲವೆಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಎಲುಬಿನ ಅಂಗಿಯ ವ್ಯಾಜ್ಯವನ್ನು ಅವ್ವನೇ ಬಗೆಹರಿಸಿದಳು. ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುವುದಾದರೆ ಅಡ್ಡಿಯಿಲ್ಲ ಎಂದಳು. ಹೀಗೆ ಮೂರು ಬೆರಳಿನ ವಿಭೂತಿ ಧರಿಸಿದ ಅಸ್ಥಿಪಂಜರವೊಂದು ಅಮಾವಾಸ್ಯೆಯ ಕತ್ತಲೆಯಲ್ಲಿ ನಿಡಗುಂದಿಯ ಬೀದಿಗಿಳಿಯಿತು. ಕೇರಿಯ ಹುಡುಗರು ಒಂದು ಕ್ಷಣ ಹಿಂಜರಿದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ಇವನೇ ಮುಂದೆ ನಡೆಯಲಿ, ನಾಯಿಗಳು ಹೆದರುತ್ತವೆ ಎಂದು ತೀರ್ಮಾನಿಸಿದರು. ನಾಯಿಗಳು ಹೆದರಲಿಲ್ಲ. ಅವನೇ ಹೆದರಿ ನನ್ನ ಕೈ ಹಿಡಿದುಕೊಂಡ. ಹೀಗಾಗಿ ಎರಡನೆಯ ಆಣಿ ಪೀಣಿ ನನ್ನ ಕೈಗೆ ಬಂದಿತು.

ಅದು ಅಷ್ಟು ಹಗುರವಾಗಿರುತ್ತದೆಂದು ನಾನೆಂದೂ ಎಣಿಸಿರಲಿಲ್ಲ.

ಹನ್ನೊಂದು ಬಾಗಿಲುಗಳಿಗೆ ಹೋದೆವು, ಲೆಕ್ಕ ಸೊಸೆಯದು. ನಾಲ್ಕು ತೆರೆಯಲೇ ಇಲ್ಲ. ಒಂದು ಮನೆಯಲ್ಲಿ ದೊಡ್ಡ ಕಬ್ಬಿಣದ ಗೇಟಿನ ಮೇಲೆ ಕ್ಯಾಮರಾದ ಕಣ್ಣು ಹೊಳೆಯುತ್ತಿತ್ತು. ಒಳಗಿನಿಂದ ಯಾರೋ ಚಿಲ್ಲರೆ ಇಲ್ಲವೆಂದು ಕೂಗಿದರು. ನಾವು ಬೇಡಿದ್ದು ಎಣ್ಣೆ. ಅವರಿಗೆ ಸಿಟ್ಟಾಗಲು ಕಾರಣವಿಲ್ಲ. ಕತ್ತಲಲ್ಲಿ ಗೇಟು ಬಡಿಯುವವರ ಬಗ್ಗೆ ಜನರು ಈಗ ಕೇಳುವ ಸುದ್ದಿಗಳೇ ಬೇರೆ. ತೆರೆದ ಮನೆಗಳಲ್ಲಿ ಎರಡರಲ್ಲಿ ಮಾತ್ರ ದನಗಳಿದ್ದವು. ಉಳಿದವರಲ್ಲಿ ಒಬ್ಬರು ಸ್ವಲ್ಪ ಯೋಚಿಸಿ, ಅಂಗಳದ ಟ್ರ್ಯಾಕ್ಟರಿಗೇ ಬೆಳಗಿರೆಂದರು. ಹುಡುಗರು ಅದರ ನಾಲ್ಕೂ ಗಾಲಿಗಳಿಗೆ ಭಕ್ತಿಯಿಂದ ಬೆಳಗಿ, ಹಾಲು ಹೈನು ಉಕ್ಕಲಿ ಎಂದು ಹರಸಿದರು. ಎಣ್ಣೆಯ ಗಿಂಡಿ ಒಬ್ಬರ ಮನೆಯಲ್ಲೂ ಕಾಣಲಿಲ್ಲ. ಸೂರ್ಯಕಾಂತಿ ಎಣ್ಣೆಯ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಹಲ್ಲಿನಿಂದ ಕಡಿದು ಸಣ್ಣಗೆ ಹೊಯ್ದರು. ಬತ್ತಿಗೆ ಅದರಿಂದೇನೂ ತೊಂದರೆಯಾಗಲಿಲ್ಲ.

ಒಂಬತ್ತನೆಯ ಬಾಗಿಲು ತೆರೆದವನು ನನ್ನ ತರಗತಿಯ ಹುಡುಗ. ಹೋದ ವಾರವಷ್ಟೇ ಗೈರುಹಾಜರಿಗಾಗಿ ಅವನನ್ನು ನಿಲ್ಲಿಸಿ ಮಾತನಾಡಿಸಿದ್ದೆ. ಅವನು ನನ್ನನ್ನೂ, ನನ್ನ ಕೈಯ ದೀಪವನ್ನೂ, ಪಕ್ಕದ ಅಸ್ಥಿಪಂಜರವನ್ನೂ ನೋಡಿ ಒಳಗೆ ತಿರುಗಿ ಕೂಗಿದ:

"ಬೇ, ನಮ್ಮ ಸರ ಬಂದಾರ, ಎಣ್ಣಿ ಬೇಡಾಕ!"

ಮಾಸ್ತರ ಮಗನ ಕಿವಿಗಳು ಬಿಸಿಯಾದವು. ಅವನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಭಾಳ ಚಲೋ ಆತ್ರೀ ಸರ. ನಮ್ಮ ಬಾಗಲಕ್ಕ ಆಣಿ ಪೀಣಿ ಬರಲಾರದ ನಾಕೈದು ವರ್ಷ ಆಗಿತ್ತು," ಎಂದು ಎಣ್ಣೆ ಹೊಯ್ದರು. ಮಕ್ಕಳ ಉಡಿಗೆ ಕರ್ಚಿಕಾಯಿ ಹಾಕಿದರು. ಹುಡುಗ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ನಮ್ಮ ಗುಂಪಿಗೆ ಸೇರಿದ. ಅವನಿಗೆ ಪದ ಪೂರ್ತಿ ಬರುತ್ತಿತ್ತು. ತರಗತಿಯಲ್ಲಿ ಒಂದು ಪ್ರಶ್ನೆಗೂ ಬಾಯಿ ಬಿಡದವನು ಅಂದು ಕೇರಿಯೇ ಕೇಳುವಂತೆ ಹಾಡಿದ.

ಕೊನೆಯ ಬಾಗಿಲು ನಮ್ಮದೇ. ತಂಗಿ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಳು. ಅವಳು ಬಾಲ್ಯದಲ್ಲಿ ನನ್ನ ಪಕ್ಕದಲ್ಲೇ ನಿಂತು ಕೊಬ್ಬರಿ ಹಂಚಿದವಳು. ಒಳಗೆ ಕರೆದ ಅವ್ವ ನಮ್ಮನ್ನು ಪಡಸಾಲೆಯಲ್ಲಿ ನಿಲ್ಲಿಸದೆ ಹಿತ್ತಲಿಗೆ ನಡೆಸಿದಳು. ಅಲ್ಲಿ ತಗಡಿನ ಮಾಡಿನ ಕೆಳಗೆ ಕಲ್ಲಿನ ಗ್ವಾದಲಿಯೊಂದಿದೆ. ತವರೂರು ತೆರವಾದಾಗ ಊರವರೆಲ್ಲ ಬಾಗಿಲು, ತೊಲೆ, ಕಂಬ ಕಿತ್ತುಕೊಂಡು ಪುನರ್ವಸತಿಯ ಕಡೆ ಹೇರುತ್ತಿದ್ದರೆ, ಅವ್ವ ತನ್ನ ಪಾಲಿಗೆ ಅಣ್ಣನ ಹಟ್ಟಿಯಿಂದ ಕೇಳಿ ತಂದದ್ದು ಅದೊಂದನ್ನೇ. ನಮ್ಮ ಮನೆಯಲ್ಲಿ ಎಂದೂ ಎತ್ತು ಇರಲಿಲ್ಲ. ಅದರಲ್ಲಿ ಈಗ ಕಟ್ಟಿಗೆ ಇಟ್ಟಿದ್ದೇವೆ. ಅದಕ್ಕೆ ಒರಗಿಸಿ ನನ್ನ ಮೋಟಾರ್ ಸೈಕಲ್ ನಿಲ್ಲಿಸುವುದು ರೂಢಿ. ಆ ದಿನ ಕಟ್ಟಿಗೆ ತೆಗೆದು, ಸಾರಿಸಿ, ರಂಗೋಲಿ ಹಾಕಿ, ಚೆಂಡುಹೂ ಇಟ್ಟಿತ್ತು. ನಾವು ತಿರುಗಲು ಹೋದಾಗ ಆಕೆ ಮಾಡಿದ ಕೆಲಸ ಅದು.

"ಬೆಳಗರಿ," ಎಂದಳು ಹುಡುಗರಿಗೆ.

ಅಳಿಯ ಗ್ವಾದಲಿಯ ಆಚೆ ಈಚೆ ಇಣುಕಿ ನೋಡಿದ. "ಆಯೀ, ಇಲ್ಲಿ ದನ ಎಲ್ಲಿವೆ?"

"ಅದಾವ. ನೀ ಬೆಳಗು."

ಅವನು ನನ್ನ ಕೈಯಿಂದ ಆಣಿ ಪೀಣಿಯನ್ನು ಇಸಿದುಕೊಂಡು, ಕತ್ತಲೆಗೆ ಮುಖ ಮಾಡಿ, ಸಾವಕಾಶವಾಗಿ ಮೂರು ಸಲ ಎತ್ತಿ ಇಳಿಸಿದ. ನನ್ನ ವಿದ್ಯಾರ್ಥಿ ಪದ ಹಿಡಿದ, ಉಳಿದವರು ಕೂಡಿದರು. ಬತ್ತಿ ಚಿಟಿಗುಟ್ಟತೊಡಗಿತ್ತು. ಅವ್ವ ಒಳಗೆ ಹೋಗಿ, ಅಟ್ಟದ ಮೇಲಿಂದ ಇಳಿಸಿ ತಿಕ್ಕಿಟ್ಟಿದ್ದ ಹಿತ್ತಾಳೆಯ ಗಿಂಡಿಯಲ್ಲಿ ಎಣ್ಣೆ ತಂದಳು.